ಜುವೆನೈಲ್ ಹಾಲ್‌ಗೆ ಇಂದು ಎಷ್ಟು ಜನ ಕೆಲಸಕ್ಕೆ ಬಂದರು? ಕ್ಯಾಲಿಫೋರ್ನಿಯಾದ ಕನ್ನಡಿಗರಿಗೊಂದು ಬಹಿರಂಗ ಪತ್ರ

ಆತ್ಮೀಯ ಕನ್ನಡ ಬಂಧುಗಳೇ,

ಸ್ಯಾನ್ ಹೊಸೆ ವಿಮಾನ ನಿಲ್ದಾಣಕ್ಕೆ ನೀವೆಲ್ಲ ಸಾಕಷ್ಟು ಸಲ ಹೋಗಿಬಂದಿರುತ್ತೀರಿ, ಊರಿಂದ ಬರುವ ಅಪ್ಪ-ಅಮ್ಮನನ್ನು ಕರೆತರಲು, ರಜೆ ಮುಗಿಸಿದ ನೆಂಟರನ್ನು ಬಿಟ್ಟುಬರಲು. ಅಲ್ಲಿಗೆ ಹತ್ತಿರದಲ್ಲೇ, ಗ್ವಾಡಲೂಪೆ ಪಾರ್ಕ್‌ವೇ ಪಕ್ಕದಲ್ಲಿ, ಸಾಂತಾ ಕ್ಲಾರಾ ಕೌಂಟಿಯ ಜುವೆನೈಲ್ ಹಾಲ್ ಇದೆ. ಪೊಲೀಸರು ಹಿಡಿದುತಂದ ಮಕ್ಕಳನ್ನು ವಿಚಾರಣೆ ಮುಗಿಯುವವರೆಗೆ ಇಟ್ಟುಕೊಳ್ಳುವ ಕಟ್ಟಡ ಅದು. ದಕ್ಷಿಣಕ್ಕೆ ಮಾರ್ಗನ್ ಹಿಲ್‌ನಲ್ಲಿ ಇದೇ ಕೌಂಟಿಯ ಜೇಮ್ಸ್ ರಾಂಚ್ ಇದೆ. ಕೋರ್ಟು ಕಳಿಸಿದ ಮಕ್ಕಳು ತಿಂಗಳುಗಟ್ಟಲೆ ಇದ್ದು ಓದುವ, ಚಿಕಿತ್ಸೆ ಪಡೆಯುವ ಜಾಗ. ಎರಡನ್ನೂ ನಡೆಸುವುದು ಕೌಂಟಿಯ ಪ್ರೊಬೇಷನ್ ಇಲಾಖೆ, ಅಂದರೆ ತಪ್ಪು ಮಾಡಿದವರನ್ನು ಕೋರ್ಟಿನ ಪರವಾಗಿ ನಿಗಾದಲ್ಲಿಟ್ಟು ನೋಡಿಕೊಳ್ಳುವ ಇಲಾಖೆ. ಆ ಇಲಾಖೆಗೆ ದುಡ್ಡು ಮಂಜೂರು ಮಾಡುವವರು ಐದು ಜನ ಸೂಪರ್‌ವೈಸರ್‌ಗಳು. ಆ ಐವರನ್ನು ಆರಿಸುವವರು ನಾವು, ಪೌರತ್ವ ಪಡೆದು ಮತಪತ್ರ ತುಂಬುವವರು. ಶಾಲಾ ಮಂಡಳಿಯ ಚುನಾವಣೆ ಬಂದರೆ ನಮ್ಮ ವಾಟ್ಸ್ಆ್ಯಪ್ ಗುಂಪುಗಳು ಹೊತ್ತಿ ಉರಿಯುತ್ತವೆ. ಸೂಪರ್‌ವೈಸರ್ ಹುದ್ದೆಗೆ ನಿಂತವರ ಹೆಸರು ಕೇಳಿದರೆ ಮಾತ್ರ ಎಲ್ಲರೂ ಫೋನು ನೋಡುತ್ತಾರೆ.

ನಾನು ವಕೀಲನಲ್ಲ, ಪ್ರೊಬೇಷನ್ ಇಲಾಖೆಯವನೂ ಅಲ್ಲ. ಕೌಂಟಿ ಸಭೆಗಳ ಕಾರ್ಯಸೂಚಿ, ರಾಜ್ಯದ ತಪಾಸಣಾ ವರದಿ ಇಂಥವನ್ನು ಓದುವ ಚಟ ಹತ್ತಿದ ಒಬ್ಬ ನಿವೃತ್ತ ಎಂಜಿನಿಯರ್. ಓದುತ್ತ ಹೋದಂತೆ ಒಂದು ವಿಷಯ ಗಟ್ಟಿಯಾಯಿತು. ಈ ಕಟ್ಟಡಗಳ ಬಗ್ಗೆ ಕ್ಯಾಲಿಫೋರ್ನಿಯಾದ ಕಾನೂನು ಕಾಗದದ ಮೇಲೆ ಚೆನ್ನಾಗಿದೆ. ಒಳಗಿನ ದಿನ ಹೇಗೆ ಸಾಗುತ್ತದೆ ಎಂಬುದನ್ನು ತೀರ್ಮಾನಿಸುವುದು ಮಾತ್ರ ಆ ಬೆಳಿಗ್ಗೆ ಪಾಳಿಗೆ ಎಷ್ಟು ಜನ ಬಂದರು, ಆ ತಿಂಗಳು ಹೊರಗಿನಿಂದ ಯಾರು ಬಂದು ನೋಡಿದರು ಎಂಬ ಎರಡು ಸಂಗತಿಗಳು. ಮೊದಲನೆಯದರ ಲೆಕ್ಕ ಕೇಳುವ ಹಕ್ಕು ನಮಗಿದೆ. ಎರಡನೆಯದರಲ್ಲಿ ನಾವೇ ಸೇರಬಹುದು. ಅದಕ್ಕೇ ಈ ಪತ್ರ.

ಕೌಂಟಿಯ ಮೇಲೆ ಇಷ್ಟು ಹೊರೆ ಬಿದ್ದದ್ದು ಇತ್ತೀಚೆಗೆ. ಗಂಭೀರ ಅಪರಾಧ ಮಾಡಿದ ಮಕ್ಕಳನ್ನು ಹಿಂದೆ ರಾಜ್ಯವೇ ತನ್ನ ವಶಕ್ಕೆ ತೆಗೆದುಕೊಳ್ಳುತ್ತಿತ್ತು. ಕ್ಯಾಲಿಫೋರ್ನಿಯಾ ಯೂತ್ ಅಥಾರಿಟಿ ಎಂದು ಅದಕ್ಕೆ ಹೆಸರು; 1990ರ ದಶಕದ ನಡುವಿನಲ್ಲಿ ಅಲ್ಲಿ ಹತ್ತು ಸಾವಿರದಷ್ಟು ಮಕ್ಕಳು, ತರುಣರು ಇದ್ದರು. ದಿನಕ್ಕೆ ಇಪ್ಪತ್ತಮೂರು ಗಂಟೆ ಕೋಣೆಯಲ್ಲಿ ಕೂಡಿಹಾಕುವುದು, ಹೊಡೆದಾಟ, ಆತ್ಮಹತ್ಯೆ ಇವೆಲ್ಲ ಬಯಲಿಗೆ ಬಂದು 2003ರಲ್ಲಿ ಫ್ಯಾರೆಲ್ ಮೊಕದ್ದಮೆ ಹೂಡಲಾಯಿತು. ಮರುವರ್ಷ ರಾಜ್ಯ ಸುಧಾರಣೆಗೆ ಒಪ್ಪಿ ಸಹಿ ಹಾಕಿತು. ಕೋರ್ಟಿನ ಕಣ್ಗಾವಲು ಮುಗಿದದ್ದು 2016ರಲ್ಲಿ. ಕೊನೆಗೆ 2020ರ ಎಸ್‌ಬಿ (ಸೆನೆಟ್ ಬಿಲ್) 823 ಮತ್ತು 2021ರ ಎಸ್‌ಬಿ 92 ಕಾಯ್ದೆಗಳ ಪ್ರಕಾರ ಸ್ಟಾಕ್ಟನ್, ಕ್ಯಾಮರಿಯೊಗಳ ರಾಜ್ಯ ಕೇಂದ್ರಗಳು 2023ರ ಜೂನ್ 30ಕ್ಕೆ ಮುಚ್ಚಿದವು. ಪೈನ್ ಗ್ರೋವ್‌ನಲ್ಲಿ ಕಾಡುಗಿಚ್ಚು ಆರಿಸುವ ತರಬೇತಿ ಕೊಡುವ ಶಿಬಿರವೊಂದು ಉಳಿಯಿತು. ಉಳಿದವರೆಲ್ಲ ಕೌಂಟಿಗೆ ಬಂದರು. ಮಕ್ಕಳು ಮನೆಗೆ ಹತ್ತಿರ ಇರಲಿ, ತಾಯಿ ಬಸ್ಸು ಹತ್ತಿ ಬಂದು ನೋಡುವಷ್ಟು ದೂರದಲ್ಲಿರಲಿ ಎಂಬ ಆಲೋಚನೆ ಒಳ್ಳೆಯದೇ. ತಲಾ ಒಬ್ಬರಿಗೆ ವರ್ಷಕ್ಕೆ 2,25,000 ಡಾಲರ್ ಲೆಕ್ಕದಲ್ಲಿ ರಾಜ್ಯ ದುಡ್ಡನ್ನೂ ಕಳಿಸಿತು. ಆದರೆ ಹಾಲ್‌ಗಳನ್ನು ಕಟ್ಟಿದ್ದು ಕೆಲವು ವಾರ ಇರುವ ಮಕ್ಕಳಿಗಾಗಿ. ಈಗ ಅವೇ ಗೋಡೆಗಳ ನಡುವೆ ಇಪ್ಪತ್ತೈದರವರೆಗಿನ ತರುಣರು ವರ್ಷಗಟ್ಟಲೆ ಇರಬೇಕಾಗಿ ಬಂತು.

ಒಂದು ಮಗು ಒಳಗೆ ಹೋಗುವುದು ಹೇಗೆ ಎಂಬುದನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ. ನಮ್ಮ ಮನೆಗಳಲ್ಲಿ ಇದರ ಅರಿವು ಬಹಳ ಕಡಿಮೆ.

ಹದಿನೇಳು ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನವರನ್ನು ಪೊಲೀಸರು ವಶಕ್ಕೆ ತೆಗೆದುಕೊಂಡರೆ, ಪ್ರಶ್ನೆ ಕೇಳುವ ಮುನ್ನ ಮಗು ವಕೀಲರ ಜೊತೆ ಮಾತಾಡಲೇಬೇಕು. ಎದುರಾಎದುರು, ಫೋನಿನಲ್ಲಿ ಅಥವಾ ವಿಡಿಯೊದಲ್ಲಿ. ಮಗು ಬೇಡವೆಂದರೂ, ಅಪ್ಪ ಬೇಡವೆಂದರೂ ಬಿಡುವಂತಿಲ್ಲ. 2020ರಲ್ಲಿ ವಿಸ್ತರಿಸಿದ ಈ ನಿಯಮ ನಮ್ಮಂಥವರಿಗಾಗಿಯೇ ಬರೆದಂತಿದೆ. ಠಾಣೆಗೆ ಓಡಿಹೋಗಿ, "ನಿಜ ಹೇಳಿಬಿಡೋ, ಆಫೀಸರ್ ಒಳ್ಳೆಯವರು, ಮನೆಗೆ ಕಳಿಸ್ತಾರೆ" ಎಂದು ಮಗನ ಬೆನ್ನು ತಟ್ಟುವ ಅಪ್ಪಂದಿರು ನಮ್ಮಲ್ಲೇ ಹೆಚ್ಚು. ಮಗುವನ್ನು ವಶಕ್ಕೆ ತೆಗೆದುಕೊಂಡ ಒಂದು ಗಂಟೆಯೊಳಗೆ ಎರಡು ಫೋನ್ ಕರೆ ಮಾಡಲು ಬಿಡಬೇಕು: ಒಂದು ಹೆತ್ತವರಿಗೆ ಅಥವಾ ಹತ್ತಿರದ ಬಂಧುವಿಗೆ, ಇನ್ನೊಂದು ವಕೀಲರಿಗೆ.

ಹಾಲ್‌ಗೆ ತಂದ ಮೇಲೆ ಪ್ರೊಬೇಷನ್ ಅಧಿಕಾರಿ ಮನೆಗೆ ಕಳಿಸಬಹುದೇ, ಇಟ್ಟುಕೊಳ್ಳಬೇಕೇ ಎಂದು ಅಳೆಯುತ್ತಾರೆ. ಇಟ್ಟುಕೊಂಡರೆ ರಜಾದಿನ ಬಿಟ್ಟು 48 ಗಂಟೆಯೊಳಗೆ ಡಿಸ್ಟ್ರಿಕ್ಟ್ ಅಟಾರ್ನಿ, ಅಂದರೆ ಆರೋಪ ಹೊರಿಸುವ ಸರ್ಕಾರಿ ವಕೀಲರು, ಪಿಟಿಷನ್ (ಆರೋಪಪತ್ರ) ಹಾಕಬೇಕು. ಹಾಕಿದ ಮರುದಿನದ ಕೋರ್ಟಿಗೆ ಮಗುವನ್ನು ಹಾಜರುಪಡಿಸಬೇಕು. ಇಲ್ಲಿ ಜಾಮೀನು ಎಂಬುದಿಲ್ಲ. ಎಷ್ಟು ದುಡ್ಡಿದ್ದರೂ ಕಟ್ಟಿ ಬಿಡಿಸಿಕೊಂಡು ಬರಲಾಗದು. ಜ್ಯೂರಿಯೂ ಇಲ್ಲ, ತೀರ್ಮಾನ ನ್ಯಾಯಾಧೀಶರೊಬ್ಬರದೇ. ಒಳಗಿರುವ ಮಗುವಿನ ವಿಚಾರಣೆ 15 ಕೋರ್ಟು ದಿನಗಳಲ್ಲಿ ಶುರುವಾಗಬೇಕು. ಆದರೆ ವಕೀಲರು ಸಿದ್ಧತೆಗೆ ಸಮಯ ಕೇಳಿದರೆ ಅದು ಮುಂದೆ ಹೋಗುತ್ತದೆ, ಹೋಗುತ್ತಲೇ ಇರುತ್ತದೆ. ವಕೀಲರ ಖರ್ಚಿಗೆ ದಾರಿಯಿಲ್ಲದಿದ್ದರೆ ಕೋರ್ಟೇ ಒಬ್ಬರನ್ನು ನೇಮಿಸುತ್ತದೆ.

ಆ ಹಕ್ಕು ಪುಕ್ಕಟೆ ಬಂದದ್ದಲ್ಲ. ಮಕ್ಕಳಿಗೇ ಬೇರೆ ಕೋರ್ಟು ಎಂಬುದು ಈ ದೇಶದಲ್ಲಿ ಹುಟ್ಟಿದ್ದು 1899ರಲ್ಲಿ, ಶಿಕಾಗೊ ಇರುವ ಕುಕ್ ಕೌಂಟಿಯಲ್ಲಿ. ನ್ಯಾಯಾಧೀಶರೇ ತಂದೆಯ ಸ್ಥಾನದಲ್ಲಿರುವಾಗ ವಕೀಲರೇಕೆ ಎಂಬುದು ಅಂದಿನ ನಂಬಿಕೆ. 1964ರಲ್ಲಿ ಅರಿಝೋನಾದ ಗೀಲಾ ಕೌಂಟಿಯಲ್ಲಿ ಜೆರಾಲ್ಡ್ ಗಾಲ್ಟ್ ಎಂಬ ಹದಿನೈದರ ಹುಡುಗ ನೆರೆಯ ಹೆಂಗಸಿಗೆ ಫೋನಿನಲ್ಲಿ ಅಸಹ್ಯ ಮಾತಾಡಿದ ಎಂದು ಹಿಡಿದು, ವಕೀಲರಿಲ್ಲದೆ, ದೂರುಕೊಟ್ಟವಳು ಕೋರ್ಟಿಗೂ ಬಾರದೆ, ಇಪ್ಪತ್ತೊಂದು ತುಂಬುವವರೆಗೆ ರಾಜ್ಯದ ಶಾಲೆಗೆ ಕಳಿಸಿದರು. ಅದೇ ತಪ್ಪನ್ನು ದೊಡ್ಡವರು ಮಾಡಿದ್ದರೆ ಶಿಕ್ಷೆ ಹೆಚ್ಚೆಂದರೆ 50 ಡಾಲರ್ ದಂಡ ಅಥವಾ ಎರಡು ತಿಂಗಳ ಜೈಲು. 1967ರಲ್ಲಿ ಸುಪ್ರೀಂ ಕೋರ್ಟು ಇದು ನಡೆಯದು ಎಂದಿತು. ತಂದೆಯ ಸ್ಥಾನದಲ್ಲಿ ಕೂತವರನ್ನೂ ಪ್ರಶ್ನಿಸುವವರು ಇರಬೇಕು ಎಂದು ಒಪ್ಪಲು ಅರವತ್ತೆಂಟು ವರ್ಷ ಹಿಡಿಯಿತು.

ವೀಸಾ ಮೇಲಿರುವ ಮನೆಗಳವರಿಗೆ ಒಂದು ಮಾತು. ಬಾಲ ನ್ಯಾಯಾಲಯದ ತೀರ್ಪನ್ನು ವಲಸೆ ಕಾನೂನು ಅಪರಾಧ ಸಾಬೀತು ಎಂದು ಪರಿಗಣಿಸುವುದಿಲ್ಲ, ಮತ್ತು ಕೋರ್ಟಿನ ಅಪ್ಪಣೆಯಿಲ್ಲದೆ ಆ ದಾಖಲೆಗಳನ್ನು ವಲಸೆ ಇಲಾಖೆಗೆ ಕೊಡಬಾರದೆಂದು ಈ ರಾಜ್ಯದ ಕಾನೂನೇ ಹೇಳುತ್ತದೆ. ಆದರೆ ಮಾದಕವಸ್ತು ಮಾರಾಟದಂಥ ಕೆಲವು ಆರೋಪಗಳು ತೀರ್ಪಿಲ್ಲದೆಯೂ ತೊಂದರೆ ತರಬಲ್ಲವು. ಹಾಗಾಗಿ ಬಾಲ ನ್ಯಾಯಾಲಯದ ವಕೀಲರು, ವಲಸೆ ವಕೀಲರು ಇಬ್ಬರನ್ನೂ ಕೇಳಿ. ದೇವಸ್ಥಾನದಲ್ಲಿ ಸಿಗುವ ಎಲ್ಲ ಬಲ್ಲ ಅಂಕಲ್ ಅವರನ್ನು ಕೇಳಬೇಡಿ.

ಇನ್ನು ಒಳಗಿನ ದಿನಚರಿ. ಟೈಟಲ್ 15 ಎಂಬ ರಾಜ್ಯ ನಿಯಮಾವಳಿಯಲ್ಲಿ ಇದೆಲ್ಲ ಬರೆದಿದೆ. ಮಕ್ಕಳು ಎಚ್ಚರವಿರುವಾಗ ಹತ್ತು ಜನಕ್ಕೆ ಒಬ್ಬ ಸಿಬ್ಬಂದಿ, ಮಲಗಿರುವಾಗ ಮೂವತ್ತಕ್ಕೆ ಒಬ್ಬ ಇರಬೇಕು. ದಿನಕ್ಕೆ 240 ನಿಮಿಷ ಶಾಲೆ. ಅದನ್ನು ನಡೆಸುವುದು ಕೌಂಟಿಯ ಶಿಕ್ಷಣ ಕಚೇರಿ. ಅಂಕಗಳು ಹೊರಗಿನ ಹೈಸ್ಕೂಲಿಗೆ ವರ್ಗವಾಗಬೇಕು. ಶಾಲೆಯ ದಿನ ಮೂರು ಗಂಟೆ, ಶನಿವಾರ-ಭಾನುವಾರ ಐದು ಗಂಟೆ ಆಟ, ವ್ಯಾಯಾಮ, ಬಿಡುವು. ಅದರಲ್ಲಿ ಒಂದು ಗಂಟೆಯಾದರೂ ಬಯಲಿನಲ್ಲಿ. ವಾರಕ್ಕೆ ಕಡಿಮೆಯೆಂದರೂ ಎರಡು ಗಂಟೆ ಮನೆಯವರ ಭೇಟಿ. ಒಬ್ಬನೇ ಕೋಣೆಯಲ್ಲಿ ಕೂಡಿಹಾಕುವುದನ್ನು ಶಿಕ್ಷೆಯಾಗಿಯೋ ಸಿಬ್ಬಂದಿಯ ಅನುಕೂಲಕ್ಕೋ ಬಳಸುವಂತಿಲ್ಲ. ನಾಲ್ಕು ಗಂಟೆ ದಾಟಿದರೆ ಕಾರಣ ಬರೆದಿಡಬೇಕು, ಹೊರಗೆ ತರುವ ಯೋಜನೆ ಮಾಡಬೇಕು. ಮನೆಯವರಿಗೆ ದಿನಕ್ಕಿಷ್ಟು ಡಾಲರ್ ಎಂದು ಬಿಲ್ಲು ಕಳಿಸುತ್ತಿದ್ದ ಪದ್ಧತಿಯೂ 2018ರಿಂದ ನಿಂತಿದೆ. ಮಗನನ್ನು ಒಳಗಿಟ್ಟುಕೊಂಡು ಅವನ ಊಟ-ವಸತಿಯ ಬಾಕಿ ವಸೂಲಿಗೆ ತಾಯಿಯ ಸಂಬಳಕ್ಕೆ ಕೈಹಾಕುತ್ತಿದ್ದ ಕಾಲ ಅದು. ಅದನ್ನು ನಿಲ್ಲಿಸಿದ ಮಸೂದೆ ಮಂಡಿಸಿದವರಲ್ಲಿ ಒಬ್ಬರು ಹಾಲಿ ಮಿಚೆಲ್ ಎಂಬ ಶಾಸಕಿ; ಅವರು ಈಗ ಲಾಸ್ ಏಂಜಲೀಸ್ ಕೌಂಟಿಯ ಸೂಪರ್‌ವೈಸರ್.

ತೀರಾ ಗಂಭೀರ ಪ್ರಕರಣಗಳಿಗೆ ಈಗ ಹಾಲ್‌ಗಳೊಳಗೇ ಅಥವಾ ಬೇರೆ ಆವರಣದಲ್ಲಿ ಸೆಕ್ಯೂರ್ ಯೂತ್ ಟ್ರೀಟ್‌ಮೆಂಟ್ ಫೆಸಿಲಿಟಿ ಎಂಬ ವಿಭಾಗ ಇರುತ್ತದೆ. ಹದಿನಾಲ್ಕು ತುಂಬಿದ ಮೇಲೆ ಮಾಡಿದ ಕೊಲೆ, ಸಶಸ್ತ್ರ ದರೋಡೆಯಂಥವು ಸಾಬೀತಾಗಿ, ಇದಕ್ಕಿಂತ ಸಡಿಲವಾದ ವ್ಯವಸ್ಥೆ ಸಾಲದು ಎಂದು ನ್ಯಾಯಾಧೀಶರಿಗೆ ಮನವರಿಕೆಯಾದವರು ಇಲ್ಲಿಗೆ ಬರುತ್ತಾರೆ. ನ್ಯಾಯಾಧೀಶರು ಒಂದು ಮೂಲ ಅವಧಿಯನ್ನೂ ಮೀರಬಾರದ ಗರಿಷ್ಠ ಅವಧಿಯನ್ನೂ ನಿಗದಿ ಮಾಡುತ್ತಾರೆ. 30 ದಿನದೊಳಗೆ ಆ ಒಬ್ಬನಿಗೆಂದೇ ಒಂದು ಪುನರ್ವಸತಿ ಯೋಜನೆ ಕೋರ್ಟಿನ ಮುಂದೆ ಬರಬೇಕು. ಏನು ಓದಬೇಕು, ಯಾವ ಚಿಕಿತ್ಸೆ, ಕುಡಿತ-ಡ್ರಗ್ಸ್ ಬಿಡಿಸುವುದು ಹೇಗೆ, ಮನೆಯವರನ್ನು ಹೇಗೆ ಸೇರಿಸಿಕೊಳ್ಳುವುದು, ಎಲ್ಲವೂ ಅದರಲ್ಲಿರಬೇಕು. ಕನಿಷ್ಠ ಆರು ತಿಂಗಳಿಗೊಮ್ಮೆ ನ್ಯಾಯಾಧೀಶರೇ ಪರಿಶೀಲಿಸಿ, ಪ್ರಗತಿ ಕಂಡರೆ ಒಂದೊಂದು ಸಲಕ್ಕೆ ಆರು ತಿಂಗಳವರೆಗೆ ಅವಧಿ ತಗ್ಗಿಸಬಹುದು, ಸಡಿಲ ವ್ಯವಸ್ಥೆಗೆ ಇಳಿಸಲೂಬಹುದು.

ಇದರಲ್ಲಿ ನನಗೆ ಬಹಳ ಹಿಡಿಸಿದ್ದು ಈ ಆರು ತಿಂಗಳ ಪರಿಶೀಲನೆ. ಹುಡುಗನಿಗೆ ಕಣ್ಣಳತೆಯಲ್ಲಿ ಒಂದು ಗುರಿ ಸಿಗುತ್ತದೆ. ಆದರೆ ಯೋಜನೆಯಲ್ಲಿ ಬರೆದ ಕೌನ್ಸೆಲಿಂಗ್ ನಡೆಯದಿದ್ದರೆ? ಕರೆದೊಯ್ಯಲು ಜನರಿಲ್ಲವೆಂದು ವಾರಕ್ಕೆ ಎರಡು ಸಲ ಬೈಠಕ್ ರದ್ದಾದರೆ? ಆರು ತಿಂಗಳಾದ ಮೇಲೆ ಕೋರ್ಟಿನ ಮುಂದಿರುವ ಕಾಗದ "ಪ್ರಗತಿ ಸಾಲದು" ಎನ್ನುತ್ತದೆ. ಯಾರ ಪ್ರಗತಿ ಸಾಲದು ಎಂದು ಬಿಡಿಸಿ ಹೇಳುವುದಿಲ್ಲ.

ಒಳ್ಳೆಯ ಮಾದರಿಗಳು ಇಲ್ಲವೆಂದಲ್ಲ. ಮಿಸೌರಿ ರಾಜ್ಯ 1983ರಲ್ಲಿ ಬೂನ್‌ವಿಲ್‌ನ ದೊಡ್ಡ ತರಬೇತಿ ಶಾಲೆಯನ್ನು ಮುಚ್ಚಿ, ಮನೆಗೆ ಹತ್ತಿರದ ಸಣ್ಣ ಸಣ್ಣ ಕೇಂದ್ರಗಳಿಗೆ ಮಕ್ಕಳನ್ನು ಹಂಚಿತು. ಹತ್ತು-ಹನ್ನೆರಡು ಜನರ ಗುಂಪು, ಅದೇ ಗುಂಪಿಗೆ ಅದೇ ಸಿಬ್ಬಂದಿ. ಸೆಲ್ಲುಗಳಿಲ್ಲ, ಮಲಗಲು ಹಾಸಿಗೆ ಸಾಲು. ಮೈಮೇಲೆ ಸ್ವಂತ ಬಟ್ಟೆ. ಜಗಳ ಎದ್ದರೆ ಯಾರು ಬೇಕಾದರೂ ಎಲ್ಲರನ್ನೂ ಸುತ್ತ ನಿಲ್ಲಿಸಿ ಅಲ್ಲೇ ಮಾತಾಡಿಸಬಹುದು. ನಮ್ಮ ಸಾಂತಾ ಕ್ಲಾರಾ ಕೌಂಟಿ 2006ರಲ್ಲಿ ಮಿಸೌರಿಯವರ ನೆರವು ಪಡೆದು ರಾಂಚ್ ಅನ್ನು ಅದೇ ದಾರಿಗೆ ತಿರುಗಿಸಿತು. ಈ ಮಾದರಿಗೆ ಬೇಕಾದದ್ದು ಹೊಸ ಕಟ್ಟಡಕ್ಕಿಂತ ಹೆಚ್ಚಾಗಿ ದಿನವೂ ಬರುವ, ಮಕ್ಕಳು ಹೆಸರು ಹಿಡಿದು ಕರೆಯುವ ಅದೇ ಮುಖಗಳು. ಹಾಗಾಗಿ ರಾಂಚ್‌ನ ಒಂದು ಹುದ್ದೆ ಖಾಲಿ ಬಿದ್ದರೆ ಅದು ಬಜೆಟ್ಟಿನ ಉಳಿತಾಯವಲ್ಲ.

ಮುಖಗಳು ಬಾರದಿದ್ದರೆ ಏನಾಗುತ್ತದೆ ಎಂಬುದನ್ನು ತೋರಿಸಿಕೊಟ್ಟದ್ದು ಲಾಸ್ ಏಂಜಲೀಸ್.

ದೇಶದ ಅತಿ ದೊಡ್ಡ ಪ್ರೊಬೇಷನ್ ಇಲಾಖೆ ಅಲ್ಲಿಯದು. 2021ರ ಜನವರಿಯಲ್ಲೇ ರಾಜ್ಯದ ಅಟಾರ್ನಿ ಜನರಲ್ ಜೊತೆ ರಾಜಿಯಾಗಿ, ಹಾಲ್‌ಗಳನ್ನು ಸರಿಪಡಿಸುತ್ತೇವೆಂದು ಕೌಂಟಿ ಕೋರ್ಟಿನಲ್ಲಿ ಒಪ್ಪಿಕೊಂಡಿತ್ತು. ಆದರೆ ಪಾಳಿಗೆ ಬರಬೇಕಾದವರು ಬರಲಿಲ್ಲ. ಕೆಲವರು ಗಾಯಗೊಂಡು ರಜೆಯಲ್ಲಿ, ಕೆಲವರು ಹೆದರಿ, ಕೆಲವರು ಸುಮ್ಮನೆ. ಬಂದವರು ಎರಡು ಪಾಳಿ ಒಟ್ಟಿಗೆ ಎಳೆಯಬೇಕು. ಎಳೆದು ಸುಸ್ತಾದವರು ಮರುದಿನ ಬರುವುದಿಲ್ಲ. ಹೊರಗೆ ಮನೆಮನೆಗೆ ಹೋಗಿ ಮಕ್ಕಳನ್ನು ವಿಚಾರಿಸಬೇಕಾದ ಪ್ರೊಬೇಷನ್ ಅಧಿಕಾರಿಗಳನ್ನೇ ಹಾಲ್‌ಗಳಿಗೆ ಅಟ್ಟಿದರು. ಕರೆದೊಯ್ಯುವವರಿಲ್ಲದೆ ಶಾಲೆ ತಪ್ಪಿತು, ಬಯಲು ತಪ್ಪಿತು, ಮಕ್ಕಳು ಕೋಣೆಯಲ್ಲೇ ಉಳಿದರು. ರಾತ್ರಿ ಬಾಗಿಲು ತೆರೆದು ಶೌಚಕ್ಕೆ ಬಿಡುವವರಿಲ್ಲದೆ ಕೋಣೆಯೊಳಗೆ ಡಬ್ಬಗಳಲ್ಲಿ ಮೂತ್ರ ಮಾಡಿದರು. ಹತ್ತಕ್ಕೆ ಒಬ್ಬ ಎಂಬ ಒಂದು ಸಾಲು ಮುರಿದುಬಿದ್ದಾಗ ಟೈಟಲ್ 15ರ ಉಳಿದ ಸಾಲುಗಳೂ ಹಿಂದೆಯೇ ಕುಸಿದವು.

2023ರ ಮೇ ತಿಂಗಳಲ್ಲಿ ಸಿಲ್ಮಾರ್‌ನ ಬ್ಯಾರಿ ಜೆ. ನಿಡಾರ್ಫ್ ಹಾಲ್‌ನ ಚಿಕಿತ್ಸಾ ವಿಭಾಗದಲ್ಲಿ ಹದಿನೆಂಟರ ಹುಡುಗನೊಬ್ಬ ಡ್ರಗ್ಸ್ ಮಿತಿಮೀರಿ ಸತ್ತ. ಚಿಕಿತ್ಸಾ ವಿಭಾಗ ಎಂಬುದನ್ನು ಗಮನಿಸಿ. ಬೀಗ ಹಾಕಿದ ಬಾಗಿಲುಗಳ ಒಳಗೆ ಆ ವಸ್ತು ಬಂದದ್ದಾದರೂ ಹೇಗೆ? ಅದೇ ತಿಂಗಳು ರಾಜ್ಯದ ತಪಾಸಣಾ ಮಂಡಳಿ, ಬಿಎಸ್‌ಸಿಸಿ, ಆ ಹಾಲ್ ಮತ್ತು ಸೆಂಟ್ರಲ್ ಹಾಲ್ ಎರಡೂ ಮಕ್ಕಳನ್ನಿಡಲು ಯೋಗ್ಯವಲ್ಲ, 60 ದಿನದೊಳಗೆ ಖಾಲಿ ಮಾಡಿ ಎಂದಿತು. 2019ರಲ್ಲಿ ಮುಚ್ಚಿದ್ದ ಡೌನಿಯ ಲಾಸ್ ಪಾಡ್ರಿನೋಸ್ ಹಾಲ್ ಅನ್ನು ಜುಲೈನಲ್ಲಿ ಮತ್ತೆ ತೆರೆದು, ವಿಚಾರಣೆಯಲ್ಲಿರುವ ಮಕ್ಕಳನ್ನು ಅಲ್ಲಿಗೆ ಸಾಗಿಸಿದರು. ಗೋಡೆ ಬದಲಾಯಿತು. ಸಿಬ್ಬಂದಿ ಅವರೇ, ಗೈರುಹಾಜರಿ ಅದೇ.

ತೆರೆದ ಆ ಜುಲೈನಿಂದ ಡಿಸೆಂಬರ್‌ವರೆಗಿನ ಆರು ತಿಂಗಳ ಬಗ್ಗೆ 2025ರ ಮಾರ್ಚಿನಲ್ಲಿ ಅಟಾರ್ನಿ ಜನರಲ್ ರಾಬ್ ಬಾಂಟಾ ದೋಷಾರೋಪ ಪಟ್ಟಿ ಬಹಿರಂಗಪಡಿಸಿದರು. 30 ಅಧಿಕಾರಿಗಳ ಮೇಲೆ ಆರೋಪ. 69 ಹೊಡೆದಾಟಗಳನ್ನು ಅವರು ನಡೆಯಲು ಬಿಟ್ಟರು, ಕೆಲವನ್ನು ಹುರಿದುಂಬಿಸಿದರು. ಪೆಟ್ಟು ತಿಂದವರು 143 ಜನ, ಹನ್ನೆರಡರಿಂದ ಹದಿನೆಂಟು ವಯಸ್ಸಿನವರು. ಒಬ್ಬ ಹುಡುಗನನ್ನು ಉಳಿದವರು ಸರದಿಯ ಮೇಲೆ ಬಂದು ಬಡಿಯುವಾಗ ಸಿಬ್ಬಂದಿ ಸುಮ್ಮನೆ ನಿಂತಿರುವ ವಿಡಿಯೊ ಅದಕ್ಕೂ ಮೊದಲೇ ಪತ್ರಿಕೆಯಲ್ಲಿ ಬಂದಿತ್ತು. ಯಾರು ತಪ್ಪಿತಸ್ಥರು ಎಂಬುದು ಕೋರ್ಟಿನ ಕೆಲಸ. ಅಲ್ಲಿ ಪ್ರಾಮಾಣಿಕವಾಗಿ ದುಡಿಯುವವರು, ಹೊಡೆತ ತಿಂದು ಬೆನ್ನು ಮುರಿದುಕೊಂಡವರೂ ಇದ್ದಾರೆ. ಅವರ ಸಂಘದವರು ಸಿಬ್ಬಂದಿ ಕೊಡಿ ಎಂದು ವರ್ಷಗಳಿಂದ ಕೂಗಿದ್ದು ಸುಳ್ಳಲ್ಲ.

2024ರ ಅಕ್ಟೋಬರಿನಲ್ಲಿ ಬಿಎಸ್‌ಸಿಸಿ ಲಾಸ್ ಪಾಡ್ರಿನೋಸ್ ಕೂಡ ಯೋಗ್ಯವಲ್ಲ ಎಂದಿತು. ಡಿಸೆಂಬರ್ 12 ಗಡುವು. ಕೌಂಟಿ ಖಾಲಿ ಮಾಡಲಿಲ್ಲ! ಕಾನೂನು ಸ್ಪಷ್ಟವಾಗಿ "ಅಲ್ಲಿ ಮಕ್ಕಳನ್ನು ಇಡಕೂಡದು" ಎನ್ನುತ್ತದೆ. ಆದರೆ ಇಟ್ಟರೆ ಬಂದು ಬಾಗಿಲು ತೆರೆಸುವ ಬಲ ತಪಾಸಣಾ ಮಂಡಳಿಗೆ ಇಲ್ಲ. ಕೊನೆಗೆ ನ್ಯಾಯಾಧೀಶ ಮಿಗೆಲ್ ಎಸ್ಪಿನೋಸಾ 2025ರಲ್ಲಿ ನೂರಕ್ಕೂ ಹೆಚ್ಚು ಮಕ್ಕಳನ್ನು ಅಲ್ಲಿಂದ ಬೇರೆಡೆಗೆ ಕಳಿಸುವ ಯೋಜನೆಗೆ ಅಪ್ಪಣೆ ಕೊಡಬೇಕಾಯಿತು. ಆ ಜುಲೈನಲ್ಲಿ ಅಟಾರ್ನಿ ಜನರಲ್, ಹಾಲ್‌ಗಳನ್ನೇ ಕೌಂಟಿಯ ಕೈಯಿಂದ ತೆಗೆದು ಕೋರ್ಟು ನೇಮಿಸಿದವರಿಗೆ ಒಪ್ಪಿಸಿ ಎಂದು ಕೇಳಿದರು.

ಇದರ ಬೆಲೆ ಕೇಳಿ. 2025ರ ಏಪ್ರಿಲ್‌ನಲ್ಲಿ ಆ ಕೌಂಟಿಯ ಮಂಡಳಿ, 1959ರಷ್ಟು ಹಿಂದಿನಿಂದ ತನ್ನ ಹಾಲ್‌ಗಳಲ್ಲಿ, ಮಕ್ಕಳ ಆಶ್ರಯ ಕೇಂದ್ರಗಳಲ್ಲಿ ನಡೆದ ಲೈಂಗಿಕ ದೌರ್ಜನ್ಯದ 6,800ಕ್ಕೂ ಹೆಚ್ಚು ದೂರುಗಳಿಗೆ 400 ಕೋಟಿ ಡಾಲರ್ ಪರಿಹಾರ ಒಪ್ಪಿತು. ಆ ದೂರುಗಳಲ್ಲಿ ಕೆಲವು ಹುಸಿ ಎಂಬ ಆಪಾದನೆಯೂ ಎದ್ದು ತನಿಖೆ ಶುರುವಾಗಿದೆ. ಅದನ್ನು ಕಳೆದರೂ ಉಳಿಯುವುದು ಕಡಿಮೆಯಲ್ಲ, ಕೌಂಟಿ ಇದನ್ನು ದಶಕಗಳ ಕಾಲ ತೀರಿಸಬೇಕು. ಪ್ರಾಪರ್ಟಿ ಟ್ಯಾಕ್ಸ್ ಬಿಲ್ಲು ಬಂದಾಗ ಗೊಣಗುವ ನಮಗೆ ಇದು ಅರ್ಥವಾಗುವ ಭಾಷೆ.

ಹೊರಗಿನವರ ಕಣ್ಣು ಬೀಳದ ಕಡೆ ಇನ್ನೂ ಕೆಟ್ಟದ್ದು ನಡೆದಿದೆ. ಪೆನ್ಸಿಲ್ವೇನಿಯಾದ ಲಝರ್ನ್ ಕೌಂಟಿಯಲ್ಲಿ ಸರ್ಕಾರಿ ಕೇಂದ್ರವನ್ನು ಮುಚ್ಚಿಸಿ, ಖಾಸಗಿ ಕೇಂದ್ರಕ್ಕೆ ಮಕ್ಕಳನ್ನು ಕಳಿಸಿ, ಅದಕ್ಕೆ ಸಂಬಂಧಪಟ್ಟವರಿಂದ 28 ಲಕ್ಷ ಡಾಲರ್ ಪಡೆದ ಇಬ್ಬರು ನ್ಯಾಯಾಧೀಶರ ಕಥೆ 2009ರಲ್ಲಿ ಹೊರಬಿತ್ತು. ಶಾಲೆಯ ಸಣ್ಣಪುಟ್ಟ ತಂಟೆಗೂ ಕೈಕೋಳ, ಎಷ್ಟೋ ಮಕ್ಕಳಿಗೆ ವಕೀಲರೇ ಇಲ್ಲ. ಗಾಲ್ಟ್ ತೀರ್ಪು ಬಂದು ನಾಲ್ಕು ದಶಕವಾಗಿತ್ತು! ಸುಮಾರು 4,000 ತೀರ್ಪುಗಳನ್ನು ಆ ರಾಜ್ಯದ ಸುಪ್ರೀಂ ಕೋರ್ಟು ಅಳಿಸಿಹಾಕಿತು. ಮಾರ್ಕ್ ಚಾವರೆಲ್ಲಾ ಎಂಬ ನ್ಯಾಯಾಧೀಶನಿಗೆ 28 ವರ್ಷ ಶಿಕ್ಷೆಯಾಯಿತು. ಆ ಕೋರ್ಟಿನ ಬಾಗಿಲಲ್ಲಿ ವರ್ಷಗಟ್ಟಲೆ ವಕೀಲರು, ಶಿಕ್ಷಕರು, ಪ್ರೊಬೇಷನ್‌ನವರು ಓಡಾಡಿದ್ದರು.

"ಇದು ನಮ್ಮ ಮಕ್ಕಳ ವಿಷಯವಲ್ಲವಲ್ಲ" ಎಂದು ನಿಮ್ಮಲ್ಲಿ ಕೆಲವರು ಈಗಾಗಲೇ ಅಂದುಕೊಂಡಿರುತ್ತೀರಿ. ಬಹುಮಟ್ಟಿಗೆ ನಿಜ. ಆ ಹಾಲ್‌ಗಳಲ್ಲಿ ಹೆಚ್ಚಿನವರು ಲ್ಯಾಟಿನೊ ಮತ್ತು ಕಪ್ಪು ಮನೆಗಳ ಮಕ್ಕಳು. ನಮ್ಮಂಥ ಮನೆಗಳವರು ವಿರಳ. ನಮ್ಮ ಮಕ್ಕಳು ತಪ್ಪೇ ಮಾಡುವುದಿಲ್ಲ ಎಂದು ಇದರ ಅರ್ಥವಲ್ಲ. ಒಂದೇ ತಪ್ಪಿಗೆ ಕ್ಯುಪರ್ಟಿನೋದಲ್ಲಿ ಅಪ್ಪನಿಗೆ ಫೋನು ಹೋಗುತ್ತದೆ, ಇನ್ನೊಂದು ಬಡಾವಣೆಯಲ್ಲಿ ಪೊಲೀಸ್ ಗಾಡಿ ಬರುತ್ತದೆ. ಮತ್ತೆ, ಒಳಗಿರುವವರೆಲ್ಲ ಮುಗ್ಧರೆಂದು ನಾನು ಹೇಳುತ್ತಿಲ್ಲ. ಕಾರು ಕಿತ್ತುಕೊಳ್ಳಲು ಬಂದೂಕು ಹಿಡಿದವರು, ಜೀವ ತೆಗೆದವರು ಇದ್ದಾರೆ. ಅವರಿಂದ ನೊಂದ ಮನೆಗಳಿವೆ, ಅವುಗಳಲ್ಲಿ ನಮ್ಮವರ ಅಂಗಡಿಗಳೂ ಇರಬಹುದು. ಆದರೆ ಇವರಲ್ಲಿ ಬಹುತೇಕ ಎಲ್ಲರೂ ಒಂದು ದಿನ ಹೊರಬರುತ್ತಾರೆ. ಇದೇ ಊರಿಗೆ, ಇದೇ ರಸ್ತೆಗೆ. ಡಬ್ಬದಲ್ಲಿ ಮೂತ್ರ ಮಾಡಿಸಿ, ಸರದಿಯ ಹೊಡೆದಾಟದಲ್ಲಿ ಪಳಗಿಸಿ ಕಳಿಸಿದ ಹುಡುಗನಿಂದ ನಮಗೆ ಹೆಚ್ಚು ಭದ್ರತೆ ಸಿಗುತ್ತದೆ ಎಂದು ನಂಬುವವರ ಜೊತೆ ನನಗೆ ವಾದವಿಲ್ಲ. ಆಶ್ಚರ್ಯ ಮಾತ್ರ ಇದೆ.

ಇನ್ನು, ಮಾಡಬಹುದಾದದ್ದು.

ಈ ರಾಜ್ಯದ ಪ್ರತಿ ಕೌಂಟಿಯಲ್ಲೂ ಜುವೆನೈಲ್ ಜಸ್ಟೀಸ್ ಕಮಿಷನ್ ಎಂಬ ನಾಗರಿಕರ ಆಯೋಗ ಇರಬೇಕೆಂದು ಕಾನೂನಿದೆ. ಏಳರಿಂದ ಹದಿನೈದು ಸದಸ್ಯರು. ನೇಮಿಸುವುದು ಸುಪೀರಿಯರ್ ಕೋರ್ಟಿನ ಮುಖ್ಯ ನ್ಯಾಯಾಧೀಶರು. ಇವರು ಹಾಲ್ ಒಳಗೆ ಹೋಗಿ ನೋಡಬಹುದು, ವರ್ಷಕ್ಕೊಮ್ಮೆಯಾದರೂ ತಪಾಸಣೆ ಮಾಡಿ ವರದಿ ಬರೆಯಬೇಕು. ಸದಸ್ಯರಲ್ಲಿ ಕನಿಷ್ಠ ಇಬ್ಬರು ಹದಿನಾಲ್ಕರಿಂದ ಇಪ್ಪತ್ತೊಂದರ ಒಳಗಿನವರಿರಬೇಕು ಎಂಬುದು ಇದರ ವಿಶೇಷ. ಕಾಲೇಜು ಅರ್ಜಿಯಲ್ಲಿ ಬರೆಯಲು ಸ್ವಯಂಸೇವೆಯ ಗಂಟೆ ಹುಡುಕುತ್ತ ಓಡಾಡುವ ನಮ್ಮ ಹೈಸ್ಕೂಲ್ ಮಕ್ಕಳಿಗೆ ಇದನ್ನು ಯಾರೂ ಹೇಳಿಕೊಟ್ಟಂತಿಲ್ಲ. ಅರ್ಜಿಗಾಗಿ ಸೇರಿದರೂ ಪರವಾಗಿಲ್ಲ, ಒಳಗೆ ಹೋಗಿ ಬಂದ ಮೇಲೆ ಅವರು ಬರೆಯುವ ವರದಿ ಬೇರೆಯೇ ಆಗಿರುತ್ತದೆ. ದೊಡ್ಡವರಲ್ಲೂ ನಿವೃತ್ತ ವೈದ್ಯರು, ಶಿಕ್ಷಕರು, ಲೆಕ್ಕ ಬಲ್ಲವರು ನಮ್ಮಲ್ಲಿ ಎಷ್ಟು ಜನ! ಸಿಬ್ಬಂದಿಯ ಹಾಜರಿ ಪಟ್ಟಿಯನ್ನೂ ಕೋಣೆ ಬಂಧನದ ದಾಖಲೆಯನ್ನೂ ಪಕ್ಕಪಕ್ಕ ಇಟ್ಟು ನೋಡುವ ಬುದ್ಧಿ ಜೀವನವಿಡೀ ಸ್ಪ್ರೆಡ್‌ಶೀಟ್ ನೋಡಿದ ನಮ್ಮವರಿಗೆ ಇಲ್ಲದಿದ್ದರೆ ಇನ್ಯಾರಿಗಿದೆ?

ರಾಜ್ಯದ ದುಡ್ಡನ್ನು ಹೇಗೆ ಖರ್ಚು ಮಾಡಬೇಕೆಂದು ಯೋಜನೆ ಬರೆಯುವ ಕೌಂಟಿ ಉಪಸಮಿತಿಯಲ್ಲೂ ಸಮುದಾಯದಿಂದ ಮೂವರಾದರೂ ಇರಬೇಕು. ಅಲ್ಲಿಗೆ ಈ ಕ್ಷೇತ್ರದ ಅನುಭವ ಬೇಕು. ಮಕ್ಕಳ ಜೊತೆ ಕೆಲಸ ಮಾಡುವ ನಮ್ಮ ಸಮಾಜಸೇವಕರು, ಮನೋವೈದ್ಯರು ವಿಚಾರಿಸಲಿ. ಒಳಗಿರುವ ಮಕ್ಕಳು ಮತ್ತು ಅವರ ಮನೆಯವರು ದೂರು ಕೊಡಲು ರಾಜ್ಯದ ಆಫೀಸ್ ಆಫ್ ಯೂತ್ ಆ್ಯಂಡ್ ಕಮ್ಯುನಿಟಿ ರೆಸ್ಟೊರೇಷನ್‌ನಲ್ಲಿ ಓಂಬುಡ್ಸ್‌ಪರ್ಸನ್ ಇದ್ದಾರೆ. ಇದನ್ನು ತಿಳಿದಿರಿ, ನೆರೆಮನೆಯವರಿಗೆ ಬೇಕಾಗಬಹುದು.

ಕನ್ನಡ ಕೂಟಗಳ ಪದಾಧಿಕಾರಿಗಳಲ್ಲಿ ಒಂದು ಕೋರಿಕೆ. ರಾಜ್ಯೋತ್ಸವ, ಯುಗಾದಿಗಳಿಗೆ ಶಾಸಕರನ್ನು, ಮೇಯರ್‌ಗಳನ್ನು ಕರೆದು ಶಾಲು ಹೊದಿಸುತ್ತೇವೆ. ಒಂದು ಸಲ ಕೌಂಟಿಯ ಪಬ್ಲಿಕ್ ಡಿಫೆಂಡರ್ (ವಕೀಲರಿಗೆ ದುಡ್ಡಿಲ್ಲದವರ ಪರ ವಾದಿಸುವ ಸರ್ಕಾರಿ ವಕೀಲರು) ಕಚೇರಿಯವರನ್ನು ಕರೆಸಿ, ಹೆತ್ತವರಿಗೆ ಒಂದು ಗಂಟೆ ಮಾತಾಡಿಸಿ. ಮಗ ಸಿಕ್ಕಿಬಿದ್ದ ರಾತ್ರಿ ಯಾರಿಗೆ ಫೋನು ಮಾಡಬೇಕು ಎಂದು ತಿಳಿಯದ ಮನೆ, ತಿಳಿದರೂ ನಾಲ್ಕು ಜನಕ್ಕೆ ಗೊತ್ತಾದೀತೆಂದು ಬಾಯಿ ಮುಚ್ಚಿಕೊಳ್ಳುವ ಮನೆ, ಎರಡೂ ನಮ್ಮ ನಡುವೆಯೇ ಇವೆ. ಅಂಥ ಮನೆಯವರು ಸಭೆಗೆ ಬಂದರೆ ಬದಿಗೆ ಸರಿಯದೆ ಊಟಕ್ಕೆ ಜೊತೆಗೆ ಕೂರಿಸಿಕೊಳ್ಳಿ.

ಮುಂದಿನ ಸಲ ಸೂಪರ್‌ವೈಸರ್ ಹುದ್ದೆಯ ಅಭ್ಯರ್ಥಿ ನಿಮ್ಮ ಬಡಾವಣೆಗೆ ಮತ ಕೇಳಲು ಬಂದಾಗ ಬಾಲನ್ಯಾಯದ ಬಗ್ಗೆ ನಿಮ್ಮ ನಿಲುವೇನು ಎಂದು ಕೇಳಬೇಡಿ. ಎಲ್ಲರ ನಿಲುವೂ ಚೆನ್ನಾಗಿಯೇ ಇರುತ್ತದೆ. ಕಳೆದ ತಿಂಗಳು ನಮ್ಮ ಹಾಲ್‌ನಲ್ಲಿ ಎಷ್ಟು ಪಾಳಿಗಳು ಜನರಿಲ್ಲದೆ ನಡೆದವು, ನಾಲ್ಕು ಗಂಟೆ ದಾಟಿದ ಕೋಣೆ ಬಂಧನ ಎಷ್ಟು, ಕರೆದೊಯ್ಯುವವರಿಲ್ಲದೆ ರದ್ದಾದ ಚಿಕಿತ್ಸಾ ಬೈಠಕ್‌ಗಳೆಷ್ಟು ಎಂದು ಕೇಳಿ. ಉತ್ತರ ಗೊತ್ತಿಲ್ಲವೆಂದರೆ ಗೊತ್ತುಮಾಡಿಕೊಂಡು ಯಾವ ದಿನ ಹೇಳುತ್ತೀರಿ ಎಂದು ದಿನಾಂಕ ಬರೆಸಿಕೊಳ್ಳಿ.

ಇಂತಿ ನಿಮ್ಮವ,
ಸನಿವೇಲ್‌ನ ಒಬ್ಬ ಕನ್ನಡಿಗ